ನಲವತ್ತೊಂದು ಸೋಮವಾರ

ಏಣಿಯಪ್ಪನಿಗೆ ಆ ಹೆಸರು ಬಂದದ್ದು ಎತ್ತರದಿಂದ. ಆರು ಅಡಿ ಮೂರು ಇಂಚು ಇದ್ದರೂ ಬಾಗಿಲು ದಾಟುವಾಗ ಬಗ್ಗುವ ಅಭ್ಯಾಸವಿಲ್ಲ. ಹಣೆ ಬಡಿಸಿಕೊಂಡು ಬಾಗಿಲಿಗೇ ಬೈಯುವ ಆಸಾಮಿ. ಹೆಂಡತಿ ಅವನ ಎದೆಮಟ್ಟಕ್ಕೆ ಬರುತ್ತಿದ್ದಳು. ಮದುವೆಯಾದ ವಾರದಲ್ಲೇ ಅವಳನ್ನು ‘ಗಿಡ್ಡಿ’ ಎಂದು ಕರೆಯಲು ಶುರುಮಾಡಿದ. ಅಕ್ಕಪಕ್ಕದವರು ಒಂದಿಷ್ಟು ಮರ್ಯಾದೆ ಸೇರಿಸಿ ಗಿಡ್ಡಮ್ಮ ಮಾಡಿದರು.

ಅವನ ಕೆಲಸ ಕೇಳಿದವರು ನಗುವುದೇ ಹೆಚ್ಚು. ಬೆಟ್ಟದ ಕಾಡಿನೊಳಗೆ ಒಂದು ತೊರೆ. ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿ ಹೋಗಿ, ಕಂಬಕ್ಕೆ ಬಿಗಿದ ಉದ್ದನೆಯ ಥರ್ಮಾಮೀಟರಿನಲ್ಲಿ ನೀರಿನ ಬಿಸಿ ಎಷ್ಟಿದೆ ನೋಡಬೇಕು, ಬಲೆಗೆ ಬಿದ್ದ ಹುಳಗಳನ್ನು ಎಣಿಸಿ ಮತ್ತೆ ನೀರಿಗೇ ಬಿಡಬೇಕು, ಒಂದು ಸೀಸೆ ನೀರು ತುಂಬಿಕೊಂಡು ಬರಬೇಕು. ಬಂದು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಎರಡು ಮೂರು ವರ್ಷಕ್ಕೊಬ್ಬರಂತೆ ಬದಲಾದರು. ಏಣಿಯಪ್ಪ ಮಾತ್ರ ಬದಲಾಗಲಿಲ್ಲ.

“ಮೂವತ್ತೊಂದು ವರ್ಷ! ಒಂದೇ ಒಂದು ಸೋಮವಾರ ತಪ್ಪಿಸಿಲ್ಲ!” ಎಂದು ಅವನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುವಾಗೆಲ್ಲ ಗಿಡ್ಡಮ್ಮ ಮುಖ ಆಚೆ ತಿರುಗಿಸುತ್ತಿದ್ದಳು. ಯಾಕೆಂದರೆ ಅದು ಪೂರಾ ನಿಜವಲ್ಲ, ಪೂರಾ ಸುಳ್ಳೂ ಅಲ್ಲ.

ಮೂರು ವರ್ಷದ ಹಿಂದೆ ಅವನು ಪಾಚಿಗಲ್ಲಿನ ಮೇಲೆ ಜಾರಿಬಿದ್ದು ಮಂಡಿ ಮುರಿದುಕೊಂಡಿದ್ದ. ಬೆಟ್ಟ ಹತ್ತುವ ಮಾತೇ ಆಡಬೇಡಿ ಎಂದರು ಡಾಕ್ಟರು. ಗಂಡಸು ಮಂಡಿಗೆ ಅಳಲಿಲ್ಲ, ತೊರೆಗೆ ಅತ್ತ. ಅಳೆಯುವವರಿಲ್ಲ ಎಂಬ ನೆಪಕ್ಕೆ ದೊಡ್ಡ ಕಚೇರಿಯವರು ಆಗಲೇ ಪಕ್ಕದ ಎರಡು ತೊರೆಗಳನ್ನು ಕೈಬಿಟ್ಟಿದ್ದರು.

“ಅಯ್ಯೋ, ಅದಕ್ಯಾಕೆ ಇಷ್ಟು ಗೋಳು? ನಾನಿಲ್ವಾ?” ಎಂದು ಗಿಡ್ಡಮ್ಮ ಬೂಟು ಹಾಕಿಕೊಂಡಳು.

ನಲವತ್ತೊಂದು ಸೋಮವಾರ ಅವಳೇ ಹೋದಳು. ಚೀಟಿಯಲ್ಲಿ ಅಂಕೆ ಗುರುತು ಹಾಕಿಕೊಂಡು ಬರುವಳು. ಅವನು ಹಾಸಿಗೆಯ ಮೇಲೆ ಕೂತು ತನ್ನ ಅಕ್ಷರದಲ್ಲಿ ರಿಜಿಸ್ಟರಿಗೆ ಇಳಿಸುವನು. ‘ಅಳೆದವರು’ ಎಂಬ ಕಾಲಮ್ಮಿನಲ್ಲಿ ಅವನ ಹೆಸರೇ. ಆಮೇಲೆ ಮಂಡಿ ಕೂಡಿತು, ಅವನು ಮತ್ತೆ ಬೆಟ್ಟ ಹತ್ತಿದ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ಇಬ್ಬರೂ ಸುಮ್ಮನಾದರು.

ಹೀಗಿರುವಾಗ ಒಂದು ಮಧ್ಯಾಹ್ನ ಪುಟ್ಟ ಮೇಡಂ ಮನೆಗೆ ಬಂದಳು. ಕೇಂದ್ರದ ಹೊಸ ವಿಜ್ಞಾನಿ; ಮಗಳ ವಯಸ್ಸಿನ ಹುಡುಗಿ. ಬಂದಾಗೆಲ್ಲ ಅಡುಗೆಮನೆಗೇ ನುಗ್ಗಿ ಡಬ್ಬಿ ತೆಗೆದು ನೋಡುವವಳು, ಅವತ್ತು ನೆಟ್ಟಗೆ ಮೇಜಿನ ಹತ್ತಿರ ಕೂತು ಉದ್ದನೆಯ ಹಾಳೆ ಬಿಡಿಸಿದಳು. ಹಾಳೆಯ ತುಂಬ ನೀರಿನ ಬಿಸಿಯ ಒಂದೇ ಗೆರೆ, ವರ್ಷವರ್ಷಕ್ಕೂ ಕೂದಲೆಳೆಯಷ್ಟು ಮೇಲೇರುತ್ತಿತ್ತು. ಒಂದು ಕಡೆ ಮಾತ್ರ ಮೆಟ್ಟಿಲು ಹತ್ತಿ, ಸ್ವಲ್ಪ ದೂರ ಹೋಗಿ, ಮತ್ತೆ ಇಳಿದಿತ್ತು.

“ಇಲ್ಲಿ ನೋಡಿ ಅಪ್ಪಾ. ಈ ನಲವತ್ತೊಂದು ವಾರ ತೊರೆಗೆ ಜ್ವರ ಬಂದ ಹಾಗಿದೆ. ಆಮೇಲೆ ತಾನಾಗೇ ವಾಸಿಯಾಗಿದೆ. ಏನಾಗಿತ್ತು ಆಗ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏಣಿಯಪ್ಪ ಮಂಡಿ ಸವರಿಕೊಂಡ. “ಆ ವರ್ಷ... ಬಿಸಿಲು ಜಾಸ್ತಿ ಇತ್ತು ಮೇಡಂ.”

“ಇಲ್ಲ, ಆ ವರ್ಷ ತಂಪಿತ್ತು. ಗಾಳಿಯ ಬಿಸಿಯ ಲೆಕ್ಕ ನಮ್ಮ ಹತ್ರ ಇದೆ.” ಪುಟ್ಟ ಮೇಡಂ ಹಣೆ ಒತ್ತಿಕೊಂಡಳು. “ನೀರು ನಿಧಾನಕ್ಕೆ ಬಿಸಿಯಾಗ್ತಿದೆ ಅನ್ನೋದಕ್ಕೆ ಈ ಬೆಟ್ಟದಲ್ಲಿ ನಿಮ್ಮ ರಿಜಿಸ್ಟರ್ ಒಂದೇ ಸಾಕ್ಷಿ. ಆದರೆ ದೊಡ್ಡ ಕಚೇರಿಯವರು ಒಂದು ಕಡೆ ಹುಳುಕು ಕಂಡ್ರೆ ಇಡೀ ಪುಸ್ತಕಾನೇ ನಂಬಲ್ಲ, ಪಕ್ಕಕ್ಕೆ ಇಡಿ ಅಂತಿದ್ದಾರೆ. ನಾಡಿದ್ದರೊಳಗೆ ನಾನು ಉತ್ತರ ಕೊಡಬೇಕು.”

ಒಲೆಯ ಮುಂದೆ ನಿಂತಿದ್ದ ಗಿಡ್ಡಮ್ಮನಿಗೆ ಟೀ ಉಕ್ಕಿದ್ದೂ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಗಂಡನ ಮಾನ ಹೋಗುತ್ತದೆ. ಸುಳ್ಳು ಸಹಿ ಹಾಕಿದವನು ಅನ್ನುತ್ತಾರೆ. ಬಿಡದಿದ್ದರೆ ಅವನ ಮೂವತ್ತೊಂದು ವರ್ಷವೇ ರದ್ದಿಗೆ ಹೋಗುತ್ತದೆ. ಮಾನ ಹೋದರೆ ತಾನು ಹೇಗಾದರೂ ಸಂಭಾಳಿಸಿಕೊಳ್ಳಬಹುದು. ತೊರೆ ಹೋದರೆ ಈ ಮನುಷ್ಯ ಉಳಿಯುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಒಲೆ ಆರಿಸಿ ಹೊರಗೆ ಬಂದಳು.

“ಅಷ್ಟೂ ವಾರ ಹೋಗಿದ್ದು ನಾನು ಕಣಮ್ಮ. ಇವರ ಮಂಡಿ ಮುರಿದಿತ್ತು. ತಪ್ಪಿದ್ರೆ ನಂದು. ನಂಗೆ ಆ ಕಂಬದ ಗೆರೆ ಓದೋಕೆ ಬರದೆ ಏನೋ ಬರೆಸಿರಬೇಕು. ನನ್ನ ಅಂಕೆ ಕಿತ್ತುಹಾಕು, ಇವರದ್ದು ಮುಟ್ಟಬೇಡ.”

“ಗಿಡ್ಡೀ!” ಎಂದ ಏಣಿಯಪ್ಪ. ಅಷ್ಟು ಎತ್ತರದ ಆಳು ಕುರ್ಚಿಯಲ್ಲಿ ಮುದುಡಿ ಕೂತ.

ಪುಟ್ಟ ಮೇಡಂ ಬೈಯಲಿಲ್ಲ. ಹಾಳೆಯನ್ನೊಮ್ಮೆ, ಏಣಿಯಪ್ಪನನ್ನೊಮ್ಮೆ, ಗಿಡ್ಡಮ್ಮನನ್ನೊಮ್ಮೆ ನೋಡಿದಳು. ಆಮೇಲೆ ಕೆಳಗಿನಿಂದ ಮೇಲಿನವರೆಗೂ ಇಬ್ಬರನ್ನೂ ಮತ್ತೆ ಅಳೆಯುವ ಹಾಗೆ ನೋಡಿದಳು. “ಏಳಿ ಇಬ್ಬರೂ. ಬೂಟು ಹಾಕ್ಕೊಳ್ಳಿ,” ಎಂದಳು.

ಮೂವರೂ ಬೆಟ್ಟ ಹತ್ತಿದರು. ಕಲ್ಲು ಬಂದಲ್ಲೆಲ್ಲ ಏಣಿಯಪ್ಪ ಹಿಂದೆ ನೋಡದೆ ಕೈಚಾಚುವನು, ಗಿಡ್ಡಮ್ಮ ಹಿಡಿದುಕೊಳ್ಳುವಳು. ತೊರೆಯ ಹತ್ತಿರ ಪುಟ್ಟ ಮೇಡಂ ಅವನನ್ನು ಮೊದಲು ಕಂಬದ ಮುಂದೆ ನಿಲ್ಲಿಸಿದಳು. ಅವನು ನೆಟ್ಟಗೆ ನಿಂತು ಮೂಗಿನ ತುದಿಯಿಂದ ನೋಡಿ, “ಹದಿನಾಲ್ಕು ಪಾಯಿಂಟ್ ಎರಡು,” ಎಂದ.

ಆಮೇಲೆ ಗಿಡ್ಡಮ್ಮ. ಗೆರೆಗಳು ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೇ ಇದ್ದವು. “ಹದಿನಾಲ್ಕೂವರೆ.”

“ಲೇ, ಕಣ್ಣು ನೆಟ್ಟಗಿದೆಯೇನೇ?”

“ಬಗ್ಗಿ ನೋಡ್ರೀ ಒಂದ್ಸಲ! ಬಗ್ಗಿದ್ರೆ ಗಂಟೇನು ಹೋಗುತ್ತೆ?”

ಪುಟ್ಟ ಮೇಡಂ ಚೀಲದಿಂದ ತನ್ನ ಡಿಜಿಟಲ್ ಯಂತ್ರ ತೆಗೆದು ನೀರಿಗೆ ಇಳಿಬಿಟ್ಟಳು. ಹದಿನಾಲ್ಕು ಪಾಯಿಂಟ್ ಐದು. ಏಣಿಯಪ್ಪ ನಿಧಾನವಾಗಿ ಸೊಂಟ ಬಗ್ಗಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದ. ಅವನಿಗೂ ಹದಿನಾಲ್ಕೂವರೆಯೇ ಕಂಡಿತು.

“ಮೇಲಿಂದ ನೋಡಿದ್ರೆ ಪಾದರಸ ಕೆಳಗಿನ ಗೆರೆ ಮೇಲೆ ಕಾಣುತ್ತೆ ಅಪ್ಪಾ,” ಎಂದಳು ಪುಟ್ಟ ಮೇಡಂ ಮೆಲ್ಲಗೆ. “ಅಮ್ಮನದೇ ಸರಿ.”

“ಹಂಗಾದ್ರೆ ಮೂವತ್ತೊಂದು ವರ್ಷ ನಾನು ಬರೆದದ್ದೆಲ್ಲ ತಪ್ಪು.” ಅವನು ಬಂಡೆಯ ಮೇಲೆ ಕುಸಿದು ಕೂತ.

“ಪ್ರತಿ ಸಲಾನೂ ಅಷ್ಟೇ ತಪ್ಪು! ಅದೇ ನಿಮ್ಮ ಪುಣ್ಯ. ದಿನಕ್ಕೊಂದು ಥರ ತಪ್ಪಿದ್ರೆ ನಾನೇನೂ ಮಾಡೋಕಾಗ್ತಿರಲಿಲ್ಲ. ನಿಮ್ಮ ಅಂಕೆಗಳಿಗೆಲ್ಲ ಪಾಯಿಂಟ್ ಮೂರು ಕೂಡಿಸಿದ್ರೆ ಮುಗೀತು. ನಿಮ್ಮ ಗೆರೆ ಅಮ್ಮನ ಗೆರೆಗೆ ಹೋಗಿ ಕೂಡಿಕೊಳ್ಳುತ್ತೆ. ಅವರು ಅಳೀದೇ ಇದ್ದಿದ್ರೆ ಇದು ಯಾರಿಗೂ ಗೊತ್ತೇ ಆಗ್ತಿರಲಿಲ್ಲ.”

ಗಿಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. “ಇದಕ್ಕೆ ಇಷ್ಟು ಓದಬೇಕಾ ಕಣಮ್ಮ? ಇವರ ತಪ್ಪು ಯಾವತ್ತೂ ಬದಲಾಗಲ್ಲ. ಮದುವೆ ಆದಾಗಿಂದ ನಾನೂ ಕೂಡಿಸಿಕೊಂಡೇ ಬದುಕ್ತಾ ಇದ್ದೀನಿ.” ನಗುತ್ತಲೇ ಕಣ್ಣಲ್ಲಿ ನೀರು ಬಂತು, ಸೆರಗಿಗೆ ಒರೆಸಿಕೊಂಡಳು. ಅಬ್ಬಾ, ತೊರೆ ಉಳಿಯಿತು.

“ಯಾರು ಅಳೆದದ್ದು ಅಂತ ಮಾತ್ರ ತಿದ್ದಿ ಕೊಡಬೇಕು ಅಪ್ಪಾ,” ಎಂದಳು ಪುಟ್ಟ ಮೇಡಂ. “ಜೊತೆಗೆ ನಾನೊಂದು ಪತ್ರ ಬರೀತೀನಿ. ಉಳಿದದ್ದು ನಂಗೆ ಬಿಡಿ.”

ಮನೆಗೆ ಬಂದವನೇ ಏಣಿಯಪ್ಪ ಬೂಟು ಬಿಚ್ಚದೆ ಮೇಜಿನ ಮುಂದೆ ಕೂತ. ರಿಜಿಸ್ಟರ್ ತೆಗೆದು, ಮಂಡಿ ಮುರಿದ ವಾರದ ಪುಟ ಹುಡುಕಿ, ‘ಅಳೆದವರು’ ಕಾಲಮ್ಮಿನಲ್ಲಿದ್ದ ತನ್ನ ಹೆಸರಿಗೆ ಕಾಣುವಂತೆ ಒಂದು ಗೆರೆ ಎಳೆದ. ಪಕ್ಕದಲ್ಲಿ ಹೆಂಡತಿಯ ಹೆಸರು ಬರೆದ. ಗಿಡ್ಡಿ ಎಂದಲ್ಲ, ಅವಳಪ್ಪ ಅಮ್ಮ ಇಟ್ಟ ಪೂರಾ ಹೆಸರು. ಕೆಳಗಿನ ಸಾಲಿಗೆ ಬಂದು ಮತ್ತೆ ಅದನ್ನೇ ಬರೆದ.

ಅವನ ಭುಜದ ಹಿಂದೆ ನಿಂತು ಗಿಡ್ಡಮ್ಮ ನೋಡಿದಳು. ಆ ಹೆಸರನ್ನು ಅವನ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಅವನ ಅಕ್ಷರದಲ್ಲಂತೂ ನೋಡಿಯೇ ಇರಲಿಲ್ಲ.

ಹತ್ತನೇ ಸಾಲು ಮುಗಿಯುವಷ್ಟರಲ್ಲಿ ಅವಳಿಗೆ ಅವನ ಬೆರಳಿನ ಮೇಲೆ ಕನಿಕರ ಹುಟ್ಟಿತು. “ಸಾಕು ಬಿಡಿ. ನಿಮ್ಮ ಹೆಸರಿಗೆ ಹಾಕೋ ಹಾಗೆ ಕೆಳಗೆ ಎರಡು ಗೀಟು ಹಾಕಿ, ಮೇಲಿನದೇ ಅಂತ ಅರ್ಥ ಆಗುತ್ತೆ.”

“ನಂದಕ್ಕೆ ಸಾಕು,” ಎಂದ ಅವನು ತಲೆ ಎತ್ತದೆ. “ನಿಂದಕ್ಕೆ ಸಾಲದು.”

ಪುಸ್ತಕದ ಮೇಲೆ ಚೆನ್ನಾಗಿ ಬಗ್ಗಿ, ಉಳಿದ ಮೂವತ್ತೊಂದು ಸಾಲನ್ನೂ ಪೂರ್ತಿಯಾಗಿ ಬರೆದ.