ನನ್ನ ಪಕ್ಕದ ಗುಲಾಬಿ ಡಬ್ಬಿ

ನಾನು ಥೈರಾಯ್ಡ್ ಮಾತ್ರೆಯ ಒಂದು ಪುಟ್ಟ ಡಬ್ಬಿ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ನೂರು ಬಿಳಿ ಮಾತ್ರೆ ತುಂಬಿ ಮುಚ್ಚಳ ಬಿಗಿದಾಗ ನನಗೆ ಬಲು ಹೆಮ್ಮೆ. ಗದಗದ ಔಷಧಿ ಅಂಗಡಿಯಲ್ಲಿ ನನ್ನನ್ನು ಕೊಂಡವಳು ಬಸ್ ಕಂಡಕ್ಟರ್ ಮಹಾನಂದಾ. ಅವಳಿಗೆ ಮೈ ಭಾರ, ಕೂತಲ್ಲೇ ತೂಕಡಿಕೆ, ದನಿ ಬಿದ್ದುಹೋಗಿತ್ತು. ದನಿಯಿಲ್ಲದ ಕಂಡಕ್ಟರನ್ನು ಡಿಪೋದವರು ಎಷ್ಟು ದಿನ ಸಹಿಸಿಯಾರು?

ಬೆಳಿಗ್ಗೆ ಖಾಲಿ ಹೊಟ್ಟೆಗೆ ನನ್ನದೊಂದು ಮಾತ್ರೆ, ಒಂದು ಲೋಟ ನೀರು. ಚಹಾ ಏನಿದ್ದರೂ ಆಮೇಲೆ. ಎರಡು ತಿಂಗಳಲ್ಲಿ ದನಿ ಮರಳಿತು. "ಮುಂದ ಸರೀರಿ, ಮುಂದ ಜಾಗಾ ಐತಿ!" ಎಂದು ಅವಳು ಕೂಗಿದಾಗ ಚೀಲದೊಳಗೆ ನಾನು ಕುಣಿಯುತ್ತಿದ್ದೆ. ಆ ಕೂಗಿನಲ್ಲಿ ನನ್ನ ಪಾಲೂ ಇತ್ತಲ್ಲ!

ಅಷ್ಟರಲ್ಲಿ ಅವಳ ಅಣ್ಣನ ಹೆಂಡತಿ ಸುಮಂಗಲಾ ಒಂದು ಗುಲಾಬಿ ಡಬ್ಬಿ ತಂದುಕೊಟ್ಟಳು. ಕೂದಲಿಗೆಂದು ನುಂಗುವ ಬಯೋಟಿನ್ ವಿಟಮಿನ್.

"ತಗೋ, ಕೂದ್ಲ ಉದ್ರೂದು ನಿಲ್ಲತೈತಿ. ಇದೇನ್ ಔಷಧ ಅಲ್ಲ ಬಿಡು."

ಅವಳು ದಿನಾ ಅದನ್ನೂ ನುಂಗತೊಡಗಿದಳು. ಮುಂದೆ ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಗ್ರಂಥಿ ಸೋಮಾರಿಯಾದರೆ ಅದನ್ನು ಎಬ್ಬಿಸುವ ಹಾರ್ಮೋನು ಟಿಎಸ್‌ಎಚ್ ಏರುತ್ತದೆ, ಮಾತ್ರೆ ಅತಿಯಾದರೆ ಇಳಿಯುತ್ತದೆ. ಅವಳದು ನೆಲ ಕಚ್ಚಿತ್ತು.

"ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?" ಡಾಕ್ಟರಮ್ಮ ಕೇಳಿದರು.

"ಏನೂ ಇಲ್ರಿ, ಇದೊಂದ."

ಗುಲಾಬಿ ಡಬ್ಬಿ ಅದೇ ಚೀಲದಲ್ಲಿ ನನಗೆ ಒರಗಿಕೊಂಡಿತ್ತು! ತಪ್ಪು ನನ್ನದೆಂದಾಯಿತು. ಕಡಿಮೆ ಪವರಿನ ಡಬ್ಬಿ ಬಂತು, ನಾನು ಕಪಾಟಿನ ಮೂಲೆ ಸೇರಿದೆ.

ದನಿ ಮತ್ತೆ ಬಿತ್ತು. ಟಿಕೆಟ್ ಕೊಡುತ್ತಲೇ ತೂಕಡಿಸಿದಳೆಂದು ಡಿಪೋ ಮ್ಯಾನೇಜರ್ ರಜೆ ಹಾಕಿಸಿ ಮನೆಗೆ ಕಳಿಸಿದರು. "ಆ ಹಳೇ ಗುಳಿಗೀನ ನನ್ನ ಕೆಡಿಸಿದ್ದು" ಎಂದು ಮಹಾನಂದಾ ನನ್ನತ್ತ ಬೆರಳು ತೋರಿಸಿ ಅತ್ತಳು. ನನಗೆ ಬಾಯಿದ್ದಿದ್ದರೆ!

ರಿಪೋರ್ಟಿಗೂ ಅವಳ ಮೈಗೂ ತಾಳೆಯಾಗದ್ದು ಕಂಡು ಡಾಕ್ಟರಮ್ಮ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಹೇಳಿದರು. ಮೇಜಿನ ಮೇಲೆ ಚೀಲ ಸುರುವಿದಾಗ ಗುಲಾಬಿ ಡಬ್ಬಿ ಉರುಳಿತು.

"ಇದ ನೋಡ್ರಿ! ಇದು ರಕ್ತದಾಗ ಇದ್ರ ಪರೀಕ್ಷೆ ಮಾಡೋ ಯಂತ್ರ ತಪ್ಪ ಲೆಕ್ಕ ಕೊಡತೈತಿ."

ಅದನ್ನು ನಿಲ್ಲಿಸಿ, ಕೆಲವು ದಿನ ಬಿಟ್ಟು ನೋಡಿದರೆ ಟಿಎಸ್‌ಎಚ್ ಮೇಲೇರಿತ್ತು. ಅವಳಿಗೆ ನಿಜಕ್ಕೂ ಕಡಿಮೆಯಿದ್ದ ವಿಟಮಿನ್ ಬಯೋಟಿನ್ ಅಲ್ಲ, ಬಿ12 ಮತ್ತು ಡಿ. ಅವಕ್ಕೆ ಬೇರೆ ಔಷಧಿ ಬರೆದು, ಥೈರಾಯ್ಡಿಗೆ ನನ್ನ ಪವರೇ ಸರಿ ಎಂದರು. ನನ್ನ ಎದೆ ಉಬ್ಬಿತು.

ಮಹಾನಂದಾ ನೇರ ಅಂಗಡಿಗೆ ಹೋಗಿ ಹೊಸ ಡಬ್ಬಿ ಕೊಂಡಳು. ಅದೇ ಹೆಸರು, ಅದೇ ಪವರ್! ನನ್ನಲ್ಲಿ ಉಳಿದಿದ್ದ ಮಾತ್ರೆಗಳನ್ನು ಕಸಕ್ಕೆ ಸುರಿದು ಸೀರೆಯ ಪಿನ್ನು ತುಂಬಿದಳು.

ಈಗ ಅವಳು ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ಸುಮಂಗಲಾ ಬಂದಿದ್ದಳು. "ಅಷ್ಟ್ಯಾಕ ಸೊರಗಿದ್ದಿ ಆವಾಗ?" ಎಂದು ಕೇಳಿದಳು. ಮಹಾನಂದಾ ಪಿನ್ನಿಗೆಂದು ನನ್ನ ಮುಚ್ಚಳ ತೆರೆಯುತ್ತಿದ್ದಳು.

"ಮೊದಲಿನ ಥೈರಾಯ್ಡ್ ಗುಳಿಗಿ ನನಗ ಆಗಿಬರಲಿಲ್ಲ ವೈನಿ."

ಗುಲಾಬಿ ಡಬ್ಬಿ ಕೊಟ್ಟವಳ ಮನಸ್ಸು ನೋಯಬಾರದಲ್ಲ! ನಾನು ನೊಂದರೆ ಯಾರಿಗೇನು? ಅವಳ ದನಿ ಮಾತ್ರ ಗಂಟೆಯ ಹಾಗಿತ್ತು. ಆ ದನಿಯನ್ನು ಅವಳಿಗೆ ಮೊದಲು ಮರಳಿಸಿದ್ದು ನಾನು.