ಕದಲಿಸದ ಕಳಶ

ಗಾಡಿಯ ಬಾಗಿಲು ತೆಗೆದ ಕೂಡಲೇ ವಾಸನೆ ಅಕ್ಷತಾಳ ಮುಖಕ್ಕೆ ಒದ್ದೆ ಗೋಣಿಚೀಲದಂತೆ ಬಡಿಯಿತು. ತೊಳೆದದ್ದಾಗಿತ್ತು, ಮತ್ತೆ ಮತ್ತೆ ತೊಳೆದದ್ದಾಗಿತ್ತು. ಫಿನಾಯಿಲು, ಬ್ಲೀಚಿಂಗ್ ಪೌಡರು, ಕೊನೆಗೆ ಹಬ್ಬದಲ್ಲಿ ಅತ್ತೆ ಕೊಟ್ಟುಕಳಿಸಿದ್ದ ಸಾಂಬ್ರಾಣಿಯೂ ಮುಗಿದಿತ್ತು. ಈಗ ಒಳಗಿದ್ದದ್ದು ಫಿನಾಯಿಲು ಬೆರೆತ ಹೇಲಿನ ವಾಸನೆ, ಅದರ ಮೇಲೊಂದು ಪದರ ಸಾಂಬ್ರಾಣಿ. ಬರೀ ಹೇಲಿನದೇ ಆಗಿದ್ದರೆ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಗಾಡಿ ಅಂದರೆ ಅವರಿಗೆ ಮನೆ. ಹಳೇ ಮಿನಿ ಬಸ್ಸೊಂದನ್ನು ಕೊಂಡು, ಸೀಟು ಕೀಳಿಸಿ, ಹಿಂದೆ ಮೇಲೊಂದು ಕೆಳಗೊಂದು ಮಂಚ, ನಡುವೆ ಒಲೆ, ಸಿಂಕು, ಮೂಲೆಯಲ್ಲಿ ಬೀರುವಿನಷ್ಟಗಲದ ಕಕ್ಕಸು ಮಾಡಿಸಿದ್ದರು. ನೆತ್ತಿಯ ಮೇಲಿನ ಕ್ಯಾರಿಯರಿನಲ್ಲಿ ಕಪ್ಪು ಬಟ್ಟೆಯ ಗುಮ್ಮಟವೊಂದನ್ನು ಮಡಿಸಿಟ್ಟು, ಟಾರ್ಪಾಲು ಬಿಗಿದಿರುತ್ತಿದ್ದರು. ಅವಳ ಗಂಡ ಗುರುಕಿರಣ್ ಊರೂರಿನ ಶಾಲೆಗಳಿಗೆ ಹೋಗಿ, ಆ ಗುಮ್ಮಟಕ್ಕೆ ಗಾಳಿ ತುಂಬಿ, ಮಕ್ಕಳನ್ನು ಒಳಗೆ ಕತ್ತಲಲ್ಲಿ ಕೂರಿಸಿ ನಕ್ಷತ್ರ ತೋರಿಸುತ್ತಿದ್ದ. ಸ್ಟೀರಿಂಗು, ಮಾತು ಎರಡೂ ಅವನದು. ಫ್ಯಾನು, ಜನರೇಟರು, ನೀರಿನ ಟ್ಯಾಂಕು, ಗ್ಯಾಸು, ಒಳಗಿನ ಪ್ರತಿಯೊಂದು ನಟ್ಟು ಬೋಲ್ಟು ಇವಳದು. ಅವನ ಮಾತು ನಿಜಕ್ಕೂ ಚೆನ್ನಾಗಿತ್ತು. ಕೃತ್ತಿಕೆ ಮೂಡುವುದನ್ನು ಅವನು ಹೇಳುತ್ತಿದ್ದರೆ ಗಲಾಟೆಯ ಹುಡುಗರೂ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರು. ಆ ಮಾತಿಗೇ ಅವಳು ಹಿಂದೊಮ್ಮೆ ಮನಸೋತಿದ್ದು, ಈ ಅಲೆಯುವ ಬಾಳಿಗೆ ಒಪ್ಪಿದ್ದು.

ದಸರೆಗೆ ಗಾಡಿಯನ್ನು ಜಯಲಕ್ಷ್ಮಿಪುರಂನ ಅತ್ತೆಯ ಮನೆ ಮುಂದೆ ನಿಲ್ಲಿಸಿ ಹಬ್ಬ ಮುಗಿಸಿ, ಅಲ್ಲಿಂದ ದಟ್ಟಗಳ್ಳಿಯ ತಮ್ಮ ಖಾಲಿ ಸೈಟಿಗೆ ತಂದಿದ್ದರು. ರಜೆ ಮುಗಿದು ಶಾಲೆ ತೆರೆದಿದ್ದವು. ಸೋಮವಾರ ಹೊರಡಬೇಕು. ಮೊದಲ ಶಾಲೆ ಹುಣಸೂರಿನಲ್ಲಿ.

ಗುರುವಾರ ಅತ್ತೆ ಸಿದ್ದಲಿಂಗಮ್ಮ ಮೊಮ್ಮಗಳಿಗೆಂದು ಚಕ್ಕುಲಿ ಡಬ್ಬಿ ಹಿಡಿದು ಸೈಟಿಗೆ ಬಂದಿದ್ದರು. ಒಂದು ಕಾಲು ಗಾಡಿಯ ಮೆಟ್ಟಿಲ ಮೇಲಿಟ್ಟವರು ಹಾಗೇ ನಿಂತರು. ಸೆರಗು ಮೂಗಿಗೆ ಹೋಯಿತು.

"ಇದೇನಮ್ಮ ಅಕ್ಷತಾ, ಕಕ್ಕಸು ಗುಂಡಿಯೊಳಗೆ ಸಂಸಾರ ಮಾಡ್ತಿದೀರಾ?"

"ತೊಳೀತಾನೇ ಇದೀನಿ ಅತ್ತೆ. ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿಲ್ಲ."

"ನೀವು ದೊಡ್ಡೋರು, ಎಲ್ಲಾದ್ರೂ ಬಿದ್ಕೊಳ್ಳಿ. ಮಗೀನ ಇದ್ರೊಳಗೆ ಮಲಗ್ಸೋಕೆ ನಾನ್ ಬುಡಲ್ಲ. ಈಗ ಕರ್ಕೊಂಡೋಗ್ತೀನಿ. ಭಾನುವಾರ ಬಂದು ನೋಡ್ತೀನಿ. ವಾಸ್ನೆ ಹೋಗಿದ್ರೆ ಸರಿ. ಇಲ್ದಿದ್ರೆ ಲಾಸ್ಯ ನನ್ಜೊತೆ ಇರ್ತಾಳೆ, ನೀವಿಬ್ರೂ ಸುತ್ಕೊಂಡು ಬನ್ನಿ."

ಅಕ್ಷತಾ ಗಂಡನ ಮುಖ ನೋಡಿದಳು. ಅವನು, "ಅಮ್ಮ ಹೇಳೋದ್ರಲ್ಲೂ ತಪ್ಪೇನಿಲ್ಲ ಕಣೆ. ನೀನು ಇನ್ನೊಂಚೂರು ಸರಿಯಾಗಿ ತೊಳೀಬೇಕಿತ್ತು" ಎಂದ.

ಲಾಸ್ಯಳಿಗೆ ಬರುವ ಜೂನಿಗೆ ಶಾಲೆ. ಆಮೇಲೆ ಅವಳು ಹೇಗೂ ಅಜ್ಜಿಯ ಮನೆಯಲ್ಲೇ ಇರಬೇಕು, ಅದು ಮಾತಾಗಿತ್ತು. ಮಗಳು ಇಡೀ ದಿನ ಮಗ್ಗುಲಲ್ಲೇ ಇರುವ ಸುತ್ತು ಇದೊಂದೇ, ಇದೇ ಕೊನೆಯದು. ಅಕ್ಷತಾ ಮಳೆಗಾಲವೆಲ್ಲ ಅದನ್ನೇ ನೆನೆಸಿಕೊಂಡು ಬಟ್ಟೆ ಹೊಲಿದಿದ್ದಳು, ಮೇಲಿನ ಮಂಚಕ್ಕೆ ಕಟಕಟೆ ಹಾಕಿಸಿದ್ದಳು. ಮಗು ಅಜ್ಜಿಯ ಆಟೋ ಹತ್ತಿ ಕೈಬೀಸಿತು. ಇವಳು ಸೆರಗು ಸಿಕ್ಕಿಸಿ ಗಾಡಿಯ ಕೆಳಗೆ ತೆವಳಿದಳು.

ಕಕ್ಕಸಿನ ಟ್ಯಾಂಕು ಗಾಡಿಯ ಹೊಟ್ಟೆಯಡಿ ಇತ್ತು. ಅದಕ್ಕೊಂದು ವಾಲ್ವು. ವಾಲ್ವಿಗೆ ದಪ್ಪ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸೈಟಿನ ಮೂಲೆಯಲ್ಲಿ ತೋಡಿಸಿದ್ದ ಗುಂಡಿಗೆ ಬಿಟ್ಟು ಖಾಲಿ ಮಾಡಬೇಕು. ಮಾಡಿದಳು. ನೀರು ತುಂಬಿ ಕುಲುಕಿ ಮತ್ತೆ ಖಾಲಿ ಮಾಡಿದಳು. ವಾಲ್ವಿನ ರಬ್ಬರು ಹಳೆಯದಾಗಿ ಸೋರುತ್ತಿರಬಹುದೆಂದು ಬದಲಾಯಿಸಿದಳು. ಬದಲಾಯಿಸುವಾಗ ಮೊಣಕೈವರೆಗೂ ಹರಿದದ್ದನ್ನು ಮಣ್ಣಿಗೆ ಉಜ್ಜಿ ಉಜ್ಜಿ ಒರೆಸಿಕೊಂಡಳು. ಊಟಕ್ಕೆ ಕೂತಾಗ ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಗಿತ್ತು. ಆ ಕೈಯಲ್ಲಿ ತುತ್ತು ಕಲೆಸಲು ಮನಸ್ಸಾಗದೆ ಚಮಚ ಹಿಡಿದಳು. ಎದುರಿಗೆ ಗುರುಕಿರಣ್ ಸಾರು ಸುರಿದು ಸುರಿದು ಉಣ್ಣುತ್ತಿದ್ದ. "ಈ ವಾಸ್ನೇಲೂ ನಿಮಗೆ ಊಟ ಸೇರುತ್ತಲ್ಲ" ಅಂದದ್ದಕ್ಕೆ, "ಹೊಟ್ಟೆ ಕೇಳುತ್ತೇನೆ?" ಎಂದು ನಕ್ಕ.

ಶುಕ್ರವಾರ ಸಿಂಕಿನ ಕೆಳಗಿನ ಬಾಗಿದ ಕೊಳವೆ ಬಿಚ್ಚಿದಳು. ಅಲ್ಲಿ ನೀರು ನಿಂತಿರಬೇಕು, ಒಣಗಿದ್ದರೆ ಗಬ್ಬು ಮೇಲೇರುತ್ತದೆ. ನೀರು ನಿಂತೇ ಇತ್ತು. ಹಾಸಿಗೆ ಎತ್ತಿ, ಹಲಗೆ ಎತ್ತಿ ನೋಡಿದಳು. ಸತ್ತ ಜಿರಲೆಗಳಿದ್ದವು, ಜಿರಲೆ ಇಷ್ಟು ನಾರುವುದಿಲ್ಲ.

ಶನಿವಾರ ಬೆಳಿಗ್ಗೆ ಸಾಕಾಗಿ ಕಕ್ಕಸಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಬಕೆಟ್ ನೀರು ಸುರಿದಳು. ನೀರು ಇಳಿಯಿತು. ಇಳಿದ ಮೇಲೆ ಒಳಗಿನಿಂದ ಬುಳಕ್ ಎಂದು ಒಂದು ದೊಡ್ಡ ಗುಳ್ಳೆ ಎದ್ದು ಅವಳ ಮುಖದ ಮುಂದೆಯೇ ಒಡೆಯಿತು. ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದವಳು ಸೈಟಿನ ಕಲ್ಲುಕಂಬ ಹಿಡಿದು ನಿಂತಾಗ ಹೊಳೆಯಿತು. ಕೂಸಾಗಿದ್ದಾಗ ಹಾಲು ಕುಡಿದ ಲಾಸ್ಯ ತೇಗದೇ ಹೋದ ದಿನ ಹೀಗೇ ಎಲ್ಲವೂ ತಿರುಗಿ ಮೇಲೆ ಬರುತ್ತಿತ್ತು. ಈ ಟ್ಯಾಂಕೂ ತೇಗಬೇಕು. ಅದು ತೇಗುವುದು ಟ್ಯಾಂಕಿನಿಂದ ಗಾಡಿಯ ನೆತ್ತಿಗೆ ಏರುವ ಗಾಳಿ ಪೈಪಿನಲ್ಲಿ. ಅಲ್ಲಿ ಏನೋ ಕಟ್ಟಿಕೊಂಡಿದೆ.

ಹಿಂದಿನ ಏಣಿ ಹತ್ತಿ ಟಾರ್ಪಾಲು ಸರಿಸಿದಳು. ಮನೆಗಳಿಗೆ ಹಾಕುವಂಥ ದಪ್ಪ ಪೈಪು ಅದು, ಗುಮ್ಮಟದ ಪಕ್ಕ ಮೊಳದುದ್ದ ಎದ್ದು ನಿಂತಿತ್ತು. ಅದರ ತೂತುತೂತಿನ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು. ಪೈಪಿನ ಬಾಯಲ್ಲಿ ಒಂದು ಜುಟ್ಟಿನ ತೆಂಗಿನಕಾಯಿ ಕೂತಿತ್ತು. ಸುತ್ತ ವೀಳ್ಯದೆಲೆ, ಕೊರಳಿಗೆ ಅರಿಸಿನದ ದಾರ, ಹಣೆಗೆ ಮೂರೆಳೆ ವಿಭೂತಿ, ಕುಂಕುಮ. ಎಲೆಗಳು ಕೊಳೆತು ಕಪ್ಪಗೆ ಲೋಳೆಯಾಗಿ ಪೈಪಿಗೆ ಅಂಟಿಕೊಂಡಿದ್ದವು. ದಾರ ಕಿತ್ತು, ಕಾಯಿಯ ಜುಟ್ಟು ಹಿಡಿದು ತಿರುಗಿಸಿ ಎಳೆದಳು. ಬರಲಿಲ್ಲ. ಕಾಲು ಕೊಟ್ಟು ಎಳೆದಳು. ಕಾಯಿ ಕಿತ್ತುಬಂತು, ಅದರ ಹಿಂದೆಯೇ ಟ್ಯಾಂಕಿನೊಳಗೆ ಕಟ್ಟಿಕೊಂಡಿದ್ದ ಗಾಳಿಯೆಲ್ಲ ಉಸ್ಸೆಂದು ಅವಳ ಮುಖಕ್ಕೆ ಬಂತು. ಕಾಯಿಯ ಅಡಿಭಾಗ ಮೆತ್ತಗೆ ಹಸಿರುಗಟ್ಟಿತ್ತು. ಅದರ ಮೇಲೆ ಬಿಳಿ ಹುಳ ಮಿಜಿಗುಡುತ್ತಿದ್ದವು.

ಗುರುಕಿರಣ್ ಕೆಳಗೆ ಕುರ್ಚಿ ಹಾಕಿಕೊಂಡು ಸ್ಲೈಡುಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ಅಕ್ಷತಾ ಕಾಯಿಯನ್ನು ಅವನ ಕಾಲ ಬಳಿ ಇಟ್ಟಳು.

"ರೀ, ಇದೇನು?"

"ಅರೆ, ಕಳಶ!" ಅವನ ಮುಖ ಅರಳಿತು. "ಇನ್ನೂ ಇತ್ತಾ? ಕದಲಿಸೋದೇ ಮರ್ತ್ಬುಟ್ಟಿದ್ದೆ ಕಣೆ. ಆಯುಧಪೂಜೆ ದಿನ ಇಟ್ಟಿದ್ದು. ನೀನು ಒಳಗೆ ಒಬ್ಬಟ್ಟು ತಟ್ತಾ ಇದ್ದೆ."

"ಎಲ್ಲಿಟ್ಟಿದ್ರಿ?"

"ಮೇಲೆ. ಅನ್ನ ಕೊಡೋ ಗುಮ್ಮಟ, ಅದಕ್ಕೇ ಪೂಜೆ ಮಾಡೋ ಅಂದ್ರು ಅಮ್ಮ. ತಂಬಿಗೆ ಇಟ್ರೆ ಉರುಳೋಗ್ತಿತ್ತು. ಅಲ್ಲೊಂದು ಪೈಪು ನಿಂತಿತ್ತಲ್ಲ, ಮುಚ್ಚಳ ತೆಗೆದಿಟ್ಟೆ, ಕಾಯಿ ಹೆಂಗ್ ಕೂತ್ಕೊಂತು ಅಂದ್ರೆ ಅಳತೆ ಕೊಟ್ಟು ಮಾಡಿಸ್ದಂಗೆ! ಗಾಡಿ ಗೋಪುರ ಆಗ್ಬುಡ್ತಲ್ಲೋ ಅಂತ ಅಮ್ಮ ಎಷ್ಟು ಖುಷಿಪಟ್ರು ಗೊತ್ತಾ? ಕೆಳಗೆ ನಿಂತೇ ಮಂಗಳಾರತಿ ಎತ್ತಿದ್ರು."

"ಅದು ಯಾವ ಪೈಪು?"

"ಯಾವ್ದು ಅಂದ್ರೆ... ಒಳಗೆ ಗಾಳಿಯಾಡ್ಲಿ ಅಂತ ಇಟ್ಟಿರೋದಲ್ವಾ?"

"ಕಕ್ಕಸು ಟ್ಯಾಂಕಿಂದು ರೀ ಅದು."

ಅವನ ಕೈಯಲ್ಲಿದ್ದ ಸ್ಲೈಡು ಹಾಗೇ ನಿಂತಿತು. ಕಾಯಿಯನ್ನು ನೋಡಿದ, ಹುಳುಗಳನ್ನು ನೋಡಿದ, ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಅಮ್ಮಂಗೆ ಹೇಳ್ಬೇಡ ಕಣೆ. ಇಷ್ಟಲಿಂಗ ಪೂಜೆ ಆಗ್ದೆ ನೀರೂ ಮುಟ್ಟದೋರು. ಕಕ್ಕಸಿನ ಪೈಪಿಗೆ ಆರತಿ ಎತ್ತಿದೆ ಅಂತ ಗೊತ್ತಾದ್ರೆ ಏನಾಗ್ಬೋದು, ನೀನೇ ಯೋಚ್ನೆ ಮಾಡು."

ಅಕ್ಷತಾ ಯೋಚಿಸಿದ್ದು ಬೇರೆಯದನ್ನು. ಈ ಗಾಡಿಯಲ್ಲಿ ಅವನು ವರ್ಷಗಟ್ಟಲೆ ಬಾಳಿದ್ದಾನೆ. ದಿನಾ ಬೆಳಿಗ್ಗೆ ಆ ಸಣ್ಣ ಬಾಗಿಲ ಹಿಂದೆ ಕೂತು ಎದ್ದು ಬಂದಿದ್ದಾನೆ. ಯಾವ ತಿಂಗಳಲ್ಲಿ ಯಾವ ನಕ್ಷತ್ರ ಎಲ್ಲಿ ಮುಳುಗುತ್ತದೆಂದು ಬಲ್ಲ. ತಾನು ಬಿಟ್ಟು ಬಂದದ್ದು ಎಲ್ಲಿಗೆ ಹೋಗುತ್ತದೆ, ಯಾರ ಕೈಮೇಲೆ ಹರಿಯುತ್ತದೆ ಎಂದು ಒಂದು ದಿನವೂ ಅವನ ತಲೆಗೆ ಬಂದಿಲ್ಲ. ಹುಳು ಹತ್ತಿದ ಕಾಯಿಗಿಂತ ಅದು ಹೆಚ್ಚು ಹೇಸಿಗೆಯಾಗಿತ್ತು. ಆದರೂ ಸುಮ್ಮನಾದಳು. ವಾಸನೆಯ ಬೇರು ಸಿಕ್ಕಿತ್ತು. ಮಗು ಬರುತ್ತದೆ, ಸಾಕು. ಕಾಯಿಯನ್ನು ಹೂತು, ಪೈಪಿಗೆ ಮುಚ್ಚಳ ಹಾಕಿ, ಗಾಡಿಯ ಕಿಟಕಿಗಳನ್ನೆಲ್ಲ ತೆರೆದಿಟ್ಟಳು.

ಭಾನುವಾರ ಸಿದ್ದಲಿಂಗಮ್ಮ ಹೇಳಿದ ಹಾಗೇ ಬಂದರು. ಲಾಸ್ಯ ಅಜ್ಜಿಯ ಕೈ ಕೊಸರಿಕೊಂಡು ಗಾಡಿ ಹತ್ತಿ, ಚಪ್ಪಲಿ ಬಿಸಾಕಿ, ಮೇಲಿನ ಮಂಚಕ್ಕೇರಿ ಕೂತಳು. ಅತ್ತೆ ಒಳಗೆಲ್ಲ ಮೂಸಿದರು. ಸಿಂಕು ಮೂಸಿದರು, ಹಾಸಿಗೆ ಮೂಸಿದರು. ಕಕ್ಕಸಿನ ಬಾಗಿಲು ತೆಗೆಸಿ, ಮೂಗಿನಿಂದ ಸೆರಗು ಸರಿಸಿ ಒಮ್ಮೆ ಉಸಿರೆಳೆದರು.

"ಹ್ಞೂಂ. ಹೋಗಿದೆ ಕಣಮ್ಮ." ಕೆಳಗಿಳಿದು, "ಏನಿತ್ತಂತೆ?" ಎಂದರು.

ಅಕ್ಷತಾ ಬಾಯಿ ತೆರೆಯುವ ಮೊದಲೇ ಗುರುಕಿರಣ್ ಹೇಳಿಬಿಟ್ಟ: "ಇಲಿ ಸತ್ತಿತ್ತಮ್ಮ, ಹಲಗೆ ಅಡಿ."

"ಇಲೀನಾ!" ಸಿದ್ದಲಿಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಆವತ್ತು ಸೂರತ್‌ನಲ್ಲಿ ಪ್ಲೇಗ್ ಬಂದಾಗ ಇಲಿ ಕಂಡ್ರೆ ಸಾಕು, ನಿಮ್ಮಪ್ಪ ಮನೆಗೆಲ್ಲ ಸುಣ್ಣ ಹೊಡೆಸ್ತಿದ್ರು. ಒಂದು ಸತ್ರೆ ಹತ್ತು ಇರ್ತವೆ. ಲಾಸ್ಯ, ಇಳಿಯೇ ಕೆಳಗೆ! ಅಲ್ಲ ಅಕ್ಷತಾ, ಇಷ್ಟೇ ಇಷ್ಟು ಜಾಗ, ಇಲಿ ಸತ್ತು ನಾರೋತನಕ ನೀನೇನ್ ಮಾಡ್ತಿದ್ದೆ? ಮಗು ಬರಲ್ಲ ಬುಡು."

"ಅಜ್ಜೀ, ನಾನ್ ಬರಲ್ಲ!" ಮೇಲಿನಿಂದ ಲಾಸ್ಯ ಕಟಕಟೆ ಹಿಡಿದು ಕೂಗಿದಳು.

ಅಕ್ಷತಾ ಗಂಡನನ್ನೇ ನೋಡುತ್ತ ನಿಂತಳು. ಹೇಳಲಿ ಎಂದು ಕಾದಳು. ಅತ್ತೆ ಮಗುವಿನ ಚಪ್ಪಲಿ ಹುಡುಕಿ ಜೋಡಿಸಿಟ್ಟರು, ಆಟೋದವನಿಗೆ ನಿಲ್ಲಲು ಕೈ ಮಾಡಿದರು. ಅವನು ಟೈರಿನಲ್ಲಿ ಗಾಳಿ ಇದೆಯೋ ಎಂಬಂತೆ ಅದನ್ನು ಒದೆಯುತ್ತಿದ್ದ. ಕೊನೆಗೆ ಅವನ ಬಾಯಿಂದ ಬಂದದ್ದು, "ಚಿಕ್ಕ ಇಲಿ ಅಮ್ಮ" ಎಂಬ ಮಾತು.

"ಇಲಿ ಅಲ್ಲ ಅತ್ತೆ. ಕಳಶ" ಎಂದಳು ಅಕ್ಷತಾ.

ಎಲ್ಲಿಟ್ಟಿದ್ದ ಕಳಶ, ಅದು ಯಾವ ಪೈಪು, ಕಿತ್ತಾಗ ಏನು ಬಂತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಸಿದ್ದಲಿಂಗಮ್ಮ ಗಾಡಿಯ ನೆತ್ತಿಯತ್ತ ಕತ್ತೆತ್ತಿದರು. ತುಟಿ ಅಲುಗಿತು.

"ಕಣ್ಮುಚ್ಚಿ ಬೇಡ್ಕೊಂಡ್ನಲ್ಲೋ ಅದರ ಮುಂದೆ. ದಾರೀಲಿರೋ ಮಕ್ಕಳನ್ನ ಕಾಪಾಡಪ್ಪ ಅಂತ..." ನೀರಿನ ಡ್ರಮ್ಮಿನ ಬಳಿ ಹೋಗಿ ಕೈ ತೊಳೆದರು, ಕಣ್ಣಿಗೆ ನೀರು ಎರಚಿಕೊಂಡರು, ಬಾಯಿ ಮುಕ್ಕಳಿಸಿ ಉಗಿದರು. ಮತ್ತೆ ಮುಕ್ಕಳಿಸಿದರು. ತಿರುಗಿದಾಗ ಮುಖ ಗಂಟಾಗಿತ್ತು.

"ಮನೆ ನಿಂದು. ದಿನಾ ಕೂರೋನು ನೀನು. ಯಾವ ಪೈಪು ಅಂತ ಗೊತ್ತಿಲ್ವಾ ನಿಂಗೆ?"

"ಅದೆಲ್ಲ ಅಕ್ಷತಾ ನೋಡ್ಕೊಳ್ತಾಳಮ್ಮ."

"ತೆಗೆದು ಸುರಿಯೋದೂ ಅವಳೇನಾ?"

ಗುರುಕಿರಣ್ ಮತ್ತೆ ಟೈರು ಒದೆಯತೊಡಗಿದ. ಸಿದ್ದಲಿಂಗಮ್ಮ ಸೊಸೆಯತ್ತ ತಿರುಗಿದರು.

"ಈಗ ಇದೆಯೇನಮ್ಮ ಅದ್ರಲ್ಲಿ?"

"ನಿನ್ನೆಯಿಂದ ಆಗಿರೋದಿದೆ ಅತ್ತೆ. ಹೊರಡೋ ಮುಂಚೆ ಖಾಲಿ ಮಾಡ್ಬೇಕು."

"ಇವ್ನು ಮಾಡ್ಲಿ. ನಾನಿಲ್ಲೇ ನಿಂತಿರ್ತೀನಿ. ಮಾಡಿದ್ರೆ ಮಗು ಗಾಡೀಲಿ ಬರುತ್ತೆ. ಇಲ್ದಿದ್ರೆ ನನ್ಜೊತೆ ಆಟೋ ಹತ್ತುತ್ತೆ."

"ಅಮ್ಮ, ನಂಗೆ ಅಭ್ಯಾಸ ಇಲ್ಲ..."

"ಅವಳಿಗೆ ತವರಲ್ಲಿ ಅಭ್ಯಾಸ ಮಾಡ್ಸಿ ಕಳಿಸಿದ್ರೇನೋ?"

ಗುರುಕಿರಣ್ ಹೆಂಡತಿಯತ್ತ ನೋಡಿದ. ಅವಳು ಕದಲಲಿಲ್ಲ. ಮಗಳ ಕಾಲು ಮಂಚದಿಂದ ಇಳಿಬಿದ್ದು ಅಲ್ಲಾಡುತ್ತಿತ್ತು. ಅದನ್ನೊಮ್ಮೆ ನೋಡಿ, ಪ್ಯಾಂಟು ಮಡಿಸಿ, ಗಾಡಿಯ ಕೆಳಗೆ ಬಗ್ಗಿದ. ಪೈಪು ಸಿಕ್ಕಿಸುವ ಮೊದಲೇ ವಾಲ್ವು ತಿರುಗಿಸಿಬಿಟ್ಟ. ಪಾದಕ್ಕೆ, ಮೊಣಕಾಲಿಗೆ ಹರಿಯಿತು. "ಥೂ! ಥೂ! ಅಕ್ಷತಾ!" ಎಂದು ಅರಚಿಕೊಂಡ.

"ಮೊದ್ಲು ವಾಲ್ವ್ ಮುಚ್ಚಿ. ಆಮೇಲೆ ಪೈಪು" ಎಂದಳು ಅವಳು ನಿಂತಲ್ಲಿಂದಲೇ.

ಹೇಗೋ ಮುಗಿಸಿದ. ಹೊರಗೆ ಬಂದು ಬೇಲಿ ಬಳಿ ಕೂತು ವಾಂತಿ ಮಾಡಿಕೊಂಡ. ಸಿದ್ದಲಿಂಗಮ್ಮ ಆಟೋದವನನ್ನು ಕಳಿಸಿಬಿಟ್ಟರು, ಲಾಸ್ಯಳ ಬಟ್ಟೆ ಚೀಲವನ್ನು ತಾವೇ ಗಾಡಿಯೊಳಗೆ ಇಟ್ಟರು.

ಅಷ್ಟರಲ್ಲಿ ಅತ್ತೆ ಒಂದು ಚೊಂಬು ನೀರು ಹಿಡಿದು ಮಗನ ಬಳಿ ಹೋಗಿದ್ದರು. ಅವನ ಕಾಲಿಗೆ ನೀರು ಹೊಯ್ದರು, ಸೆರಗಿನಿಂದ ಮುಖ ಒರೆಸಿದರು.

"ಮುಖ ಹೆಂಗೆ ಬಾಡೋಗಿದೆ ನೋಡು. ಪಾಪ, ಹುಟ್ಟಿದಾಗಿಂದ ಇಂಥ ಕೆಲ್ಸ ಮುಟ್ಟಿದೋನಲ್ಲ. ಅಕ್ಷತಾ, ಒಂದ್ಲೋಟ ಕಾಫಿ ಮಾಡಮ್ಮ, ಸ್ವಲ್ಪ ಸಕ್ಕರೆ ಮುಂದಾಗಿ ಹಾಕು. ಸುಸ್ತಾಗ್ಬುಟ್ಟಿದಾನೆ."

ಗುರುಕಿರಣ್ ಕಣ್ಣು ಮುಚ್ಚಿ, ಒಪ್ಪಿದವನಂತೆ ತಲೆಯಾಡಿಸಿದ.

ಅಕ್ಷತಾಳ ಬಾಯಿಗೆ ಕಹಿ ನೀರು ಬಂತು. ಗುಳ್ಳೆ ಮುಖಕ್ಕೆ ಒಡೆದಾಗಲೂ, ಹುಳ ಕಂಡಾಗಲೂ ಇಷ್ಟು ಬಂದಿರಲಿಲ್ಲ. ನುಂಗಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು, ಹಾಲಿನ ಪಾತ್ರೆ ಇಟ್ಟಳು. ಮೇಲಿನಿಂದ ಲಾಸ್ಯ, "ಅಮ್ಮ, ನಾನು ಇಳಿಯೋದೇ ಇಲ್ಲ, ಹುಣಸೂರು ಬರೋವರ್ಗೂ" ಎಂದಳು.

"ಇಳೀಬೇಡ ಚಿನ್ನ."

ಕಿಟಕಿಯಿಂದ ನೋಡಿದಳು. ದಪ್ಪ ಪೈಪು ಸೈಟಿನುದ್ದಕ್ಕೂ ತೊಳೆಯದೆ, ಸುತ್ತದೆ, ಬಾಯಿ ತೆರೆದುಕೊಂಡು ಬಿದ್ದಿತ್ತು. ನೊಣ ಮುತ್ತುತ್ತಿದ್ದವು. ಅಕ್ಷತಾ ಕೈ ಚಾಚಿ ಒಲೆ ಆರಿಸಿದಳು.

"ರೀ, ಆ ಪೈಪು ತೊಳ್ದು ಸುತ್ತಿಡಿ. ಕಾಫಿ ಆಮೇಲೆ."

ಸಿದ್ದಲಿಂಗಮ್ಮ ಮಗನ ಮುಖ ನೋಡಿದರು, ಪೈಪನ್ನು ನೋಡಿದರು. ಕೊನೆಗೆ ಚೊಂಬನ್ನು ಅವನ ಕೈಗೇ ಕೊಟ್ಟು, ಸೆರಗು ಮೂಗಿಗೆ ಒತ್ತಿಕೊಂಡು ದೂರ ಸರಿದು ನಿಂತರು.