ವೆರ್ನಾಳ ಗಾಜಿನ ಪಾತ್ರೆ

ಟೆನೆಸೀ ಬೆಟ್ಟಸೀಮೆಯ ಆ ಊರಿನಲ್ಲಿ ಸಾವಾದ ಮನೆಯವರು ಒಲೆ ಹೊತ್ತಿಸುವಂತಿಲ್ಲ. ಚರ್ಚಿನ ಹೆಂಗಸರು ಬಿಡುವುದೇ ಇಲ್ಲ. ಊಟ ಅವರದೇ. ತಂದ ಗಾಜಿನ ಪಾತ್ರೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ಮಣ್ಣು ಮುಗಿದ ಮೇಲೆ ಅದನ್ನು ತೊಳೆದು ಮನೆಮನೆಗೆ ಕೊಟ್ಟು ಬರಬೇಕು. ಕೊಡಲು ಬಂದವರನ್ನು ಯಾರೂ ಬಾಗಿಲಲ್ಲೇ ಕಳಿಸುವುದಿಲ್ಲ. ತನ್ನ ಅಮ್ಮ ಸತ್ತಾಗ ಹಾರ್ಲನ್, ಹೆಂಡತಿ ವೆರ್ನಾಳ ಜೊತೆ ಹೀಗೇ ಊರೆಲ್ಲ ಸುತ್ತಿ, ಸಿಕ್ಕಲ್ಲೆಲ್ಲ ಕಾಫಿ ಕುಡಿದು, ಅತ್ತು ನಕ್ಕು ಹಗುರಾಗಿ ಬಂದಿದ್ದ.

ಈಗ ವೆರ್ನಾಳೇ ಹೋಗಿದ್ದಳು. ನಾಳೆ ಮಣ್ಣು. ಅಡುಗೆಮನೆಯ ಮೇಜು ತುಂಬಿತ್ತು: ಕೋಳಿ ಹಾಕಿದ ಅನ್ನ, ಹಂದಿಮಾಂಸ, ಬೀನ್ಸ್, ಬಾಳೆಹಣ್ಣಿನ ಪುಡ್ಡಿಂಗ್. ಎಲ್ಲವೂ ಅಂಗಡಿಯ ತೆಳು ಅಲ್ಯೂಮಿನಿಯಂ ತಟ್ಟೆಗಳಲ್ಲಿ.

"ತೊಳೆದು ಕೊಡೋ ತಾಪತ್ರಯ ನಿಮಗ್ಯಾಕೆ ಮೇಷ್ಟ್ರೇ, ತಿಂದು ಬಿಸಾಕಿಬಿಡಿ," ಎಂದಳು ಪಕ್ಕದ ಮನೆಯ ಒಲೀಟಾ, ಹೊಸ್ತಿಲ ಆಚೆಯಿಂದಲೇ.

ಹಾರ್ಲನ್ ಹಸಿದಿರಲಿ ಎಂದು ಯಾರೂ ಬಯಸಲಿಲ್ಲ, ಅಷ್ಟು ಒಳ್ಳೆಯ ಜನ. ಅವನು ತಮ್ಮ ಮನೆಗೆ ಬರುವುದಷ್ಟೇ ಬೇಡವಾಗಿತ್ತು.

ಚರ್ಚಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಲೇ ಅವನ ತಲೆ ನರೆತಿತ್ತು. ಹೋದ ಚಳಿಗಾಲ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು, ನಮ್ಮೆಲ್ಲರ ವಂಶವಾಹಿಗಳೂ ಬೈಬಲ್ ಹೇಳುವ ಹಾಗೆ ಒಂದೇ ಜೋಡಿಯಿಂದ ಬಂದವೇ ಎಂದು. ಹಾರಿಕೆಯ ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಆ ದಿನ ಯಾಕೋ ಬಾಯಿಗೆ ಬರಲಿಲ್ಲ. "ಇಲ್ಲಮ್ಮ. ಎಷ್ಟು ಹಿಂದಕ್ಕೆ ಹೋದ್ರೂ ಸಾವಿರಾರು ಜನರ ಗುಂಪೇ ಸಿಗುತ್ತೆ. ಅದಕ್ಕೂ ಹಿಂದೆ ಹೋದ್ರೆ ವಾನರರಿಗೂ ನಮಗೂ ಒಂದೇ ಮನೆತನ," ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲಸವೂ ಹೋಯಿತು. ಅವನು ಚರ್ಚಿಗೆ ಹೋಗುವುದನ್ನು ಬಿಟ್ಟ. ವೆರ್ನಾ ಮಾತ್ರ ಪ್ರತಿ ಭಾನುವಾರ ಹೋಗಿ, ಬೆಂಚಿನಲ್ಲಿ ಒಬ್ಬಳೇ ಕುಳಿತು ಬರುತ್ತಿದ್ದಳು.

ಸಂಜೆ ರಾಯ್ಸ್ ಬಂದ. ವೆರ್ನಾಳ ತಮ್ಮ, ಚರ್ಚಿನ ಪಾದ್ರಿ. ನಾಳೆ ಪ್ರಾರ್ಥನೆ ಹೇಳಬೇಕಾದವನು. ಕಂಕುಳಲ್ಲಿ ಟವೆಲು ಸುತ್ತಿದ ಒಂದು ಗಂಟಿತ್ತು.

"ಭಾವ, ನಾಳೆ ಜನರ ಮುಂದೆ, ತಪ್ಪಿ ಆಡ್ಬಿಟ್ಟೆ ಅನ್ನಿ. ಅಷ್ಟು ಸಾಕು."

"ತಪ್ಪಿ ಆಡ್ಲಿಲ್ವಲ್ಲೋ."

"ಆದಾಮನಿಂದ ಸಾವು ಬಂತು, ಕ್ರಿಸ್ತನಿಂದ ಜೀವ ಬಂತು. ಆ ಒಬ್ಬ ಇರ್ಲೇ ಇಲ್ಲ ಅಂದ್ರೆ ಈ ಒಬ್ಬ ಯಾಕ್ ಬರ್ಬೇಕಿತ್ತು? ಅಕ್ಕನ ಗುಂಡಿ ಮುಂದೆ ನಿಂತು ನಾನೇನ್ ಹೇಳ್ಲಿ ಭಾವ? ಸಾವಿರಾರು ಜನ ಇದ್ರು ಅಂತ್ಲಾ?"

"ನೀನು ನಂಬಿದ್ದನ್ನ ಹೇಳು. ಅವಳೂ ಅದನ್ನೇ ನಂಬಿದ್ಳು. ನಾನು ಸುಮ್ಮನೆ ನಿಂತಿರ್ತೀನಿ. ಮುಗಿದ್ಮೇಲೆ ಮನೆಗೆ ಬಾರೋ. ಇಷ್ಟೊಂದು ಊಟ ಒಬ್ನೇ ಏನ್ ಮಾಡ್ಲಿ?"

"ನಾವೆಲ್ಲ ಒಬ್ಬಪ್ಪನ ಮಕ್ಕಳಲ್ಲ ಅಂದೋರು ನೀವೇ ಅಲ್ವಾ?" ರಾಯ್ಸ್ ಗಂಟನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಬಿಚ್ಚಿದರೆ ಗಾಜಿನ ಪಾತ್ರೆ! ಹಾರ್ಲನ್‌ನ ಜೀವ ಒಮ್ಮೆ ಹಿಗ್ಗಿತು. ಒಬ್ಬರಾದರೂ ಬಾಗಿಲು ತೆರೆದಿಟ್ಟರಲ್ಲ ಎಂದುಕೊಂಡ. ಆದರೆ ಒಳಗೆ ಊಟವಿರಲಿಲ್ಲ. ತಿರುಗಿಸಿ ನೋಡಿದ. ತಳದ ಅಂಟುಪಟ್ಟಿಯಲ್ಲಿದ್ದದ್ದು ವೆರ್ನಾಳ ದುಂಡು ಅಕ್ಷರ, ಅವಳದೇ ಹೆಸರು. ರಾಯ್ಸನ ಎಳೆಮಗು ತೀರಿಕೊಂಡಾಗ ಅವಳು ಕೊಂಡೊಯ್ದದ್ದು. ಒಡಹುಟ್ಟಿದವರ ನಡುವೆ ಪಾತ್ರೆಯ ಲೆಕ್ಕ ಯಾರು ಇಡುತ್ತಾರೆ, ಅಲ್ಲೇ ಉಳಿದಿತ್ತು. ಈಗ ರಾಯ್ಸ್ ಅದನ್ನು ತಿಕ್ಕಿ ತೊಳೆದು ತಂದಿಟ್ಟು ಋಣ ಹರಿದುಕೊಂಡಿದ್ದ.

ಹಾರ್ಲನ್ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದ. ಒರೆಸಿ, ಎರಡೂ ಕೈಯಲ್ಲಿ ಹಿಡಿದು ಬಾಗಿಲವರೆಗೂ ಬಂದ. ಕೊಟ್ಟು ಬರಲು ಒಂದು ಮನೆಯೂ ಇರಲಿಲ್ಲ.